38ಕ್ಕೆ ಬೈಕ್ ಕಲಿಯಬಹುದಾ? ಟ್ರೈನರ್ ಮೇಡಂ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನನಗೆ 38. ಹತ್ತು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಬೈಕ್ ಮಾತ್ರ ಮುಟ್ಟಿರಲಿಲ್ಲ. ಈಗ 125 ಸಿಸಿಯ ಒಂದು ಹಳೇ ಬೈಕ್ ತೆಗೆದುಕೊಂಡಿದ್ದೇನೆ. ಭಾನುವಾರ ಅಣ್ಣನ ಮಗ ಹಿಂದೆ ಕೂತು ಹೇಳಿಕೊಟ್ಟ. ಗೇರ್ ಹಾಕಿ ಕ್ಲಚ್ ಬಿಟ್ಟರೆ ಸಾಕು, ಗಕ್ಕಂತ ಮುಂದೆ ಹಾರಿ ಆಫ್ ಆಗುತ್ತದೆ. ಏಳೆಂಟು ಸಲ ಹಾಗೇ ಆಯ್ತು. ಕೊನೆಗೆ ಹುಡುಗ ನಕ್ಕೇಬಿಟ್ಟ. ಈ ವಯಸ್ಸಿಗೆ ಕೈಕಾಲು ಪಳಗುತ್ತವಾ, ಇಲ್ಲ ಸುಮ್ನೆ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ ಸರ್. ಮೊದಲು ಅಣ್ಣನ ಮಗನನ್ನು ಹಿಂದಿನ ಸೀಟಿನಿಂದ ಇಳಿಸಿ. ಬೈಕ್ ನಿಲ್ಲಿಸಲೇ ಬರದವರ ಹಿಂದೆ ಇನ್ನೊಂದು 60 ಕೆಜಿ ಕೂರಿಸಿ ಬ್ಯಾಲೆನ್ಸ್ ಮಾಡಿ ಅಂದರೆ ಹೇಗೆ?

ನಾನು ದೊಡ್ಡವರಿಗೇ ಬೈಕ್ ಕಲಿಸುವವಳು. ಹದಿನೆಂಟರ ಹುಡುಗರಿಗಿಂತ ನಲವತ್ತರವರು ನಿಧಾನವಾಗಿ ಕಲಿಯುತ್ತಾರೆ, ಆದರೆ ಹೇಳಿದ್ದನ್ನು ಕೇಳುತ್ತಾರೆ. ನಿಮಗೆ ಕಾರಿನ ಕ್ಲಚ್ ಗೊತ್ತಿದೆ. ಅದೇ ಕೆಲಸವನ್ನು ಕಾಲಿನ ಬದಲು ಎಡಗೈಗೆ ಕಲಿಸಬೇಕು, ಅಷ್ಟೇ.

ಹೀಗೆ ಮಾಡಿ. ಸಮತಟ್ಟಾದ ಖಾಲಿ ಜಾಗಕ್ಕೆ ಹೋಗಿ. ಎರಡೂ ಕಾಲು ನೆಲಕ್ಕೆ ಊರಿ ಕೂತು, ಕ್ಲಚ್ ಹಿಡಿದು ಒಂದನೇ ಗೇರ್ ಹಾಕಿ. ಆಕ್ಸಿಲರೇಟರ್ ಮುಟ್ಟಬೇಡಿ. ಈಗ ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡುತ್ತಾ ಬನ್ನಿ. ಒಂದು ಜಾಗದಲ್ಲಿ ಇಂಜಿನ್ ಸದ್ದು ಸ್ವಲ್ಪ ದಪ್ಪ ಆಗುತ್ತದೆ, ಬೈಕು ಮುಂದಕ್ಕೆ ತುಯ್ಯುತ್ತದೆ. ಅಲ್ಲೇ ಬೆರಳು ನಿಲ್ಲಿಸಿ. ಬೈಕು ಒಂದು ಗೇಣು ಸರಿದ ಮೇಲೆ ಮತ್ತೆ ಕ್ಲಚ್ ಹಿಡಿಯಿರಿ. ನಾವು ಹಾಫ್ ಕ್ಲಚ್ ಅನ್ನುವುದು ಆ ಜಾಗಕ್ಕೇ. ಮೂವತ್ತು ಸಲ ಮಾಡಿ. ಆಮೇಲೆ ಬಾತುಕೋಳಿ ತರಹ ಎರಡೂ ಕಾಲಲ್ಲಿ ನಡೆಯುತ್ತಾ, ಅದೇ ಹಾಫ್ ಕ್ಲಚ್‌ನಲ್ಲಿ ಇಪ್ಪತ್ತು ಮೀಟರ್ ಹೋಗಿ. ಕಾಲು ತಾನಾಗಿಯೇ ಫುಟ್‌ರೆಸ್ಟ್ ಮೇಲೆ ಹೋಗುವ ತನಕ ನೀವಾಗಿ ಎತ್ತಬೇಡಿ.

ಕ್ಲಚ್ ಸವೆದುಹೋಗುತ್ತದೆ ಅಂತ ಪಕ್ಕದಲ್ಲಿ ನಿಂತವರು ಹೇಳುತ್ತಾರೆ, ಕೇಳಬೇಡಿ. ಇಂಥ ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಹಾಫ್ ಕ್ಲಚ್‌ನಲ್ಲಿ ಪ್ಲೇಟು ಜಾರುವುದನ್ನು ಕಾರಿನ ಒಣ ಕ್ಲಚ್‌ಗಿಂತ ಚೆನ್ನಾಗಿ ತಾಳಿಕೊಳ್ಳುತ್ತವೆ. ಹತ್ತು ನಿಮಿಷಕ್ಕೊಮ್ಮೆ ಬಿಡುವು ಕೊಡಿ, ಬೈಕಿಗೂ ನಿಮ್ಮ ಮುಂಗೈಗೂ.

ಅವರೇ: ಇನ್ನೊಂದು ಮೇಡಂ. ಗಾಬರಿಯಾದರೆ ಬಲಗೈ ಇನ್ನೂ ಜಾಸ್ತಿ ತಿರುಚಿಕೊಳ್ಳುತ್ತದೆ. ಬೈಕು ಓಡಿಹೋಗುತ್ತದೆ.

ಉತ್ತರ: ಹೊಸಬರು ಬೀಳುವುದರಲ್ಲಿ ಇದು ದೊಡ್ಡ ಕಾರಣ, ಕೇಳಿದ್ದು ಒಳ್ಳೆಯದಾಯಿತು. ಬೈಕು ಮುಂದೆ ಜಿಗಿದಾಗ ಮೈ ಹಿಂದಕ್ಕೆ ವಾಲುತ್ತದೆ. ಆಗ ಹ್ಯಾಂಡಲ್ ಬಿಗಿಯಾಗಿ ಹಿಡಿದಿದ್ದರೆ ಬಲ ಮುಂಗೈ ಕೆಳಕ್ಕೆ ಜಗ್ಗಿ ಆಕ್ಸಿಲರೇಟರ್ ಇನ್ನಷ್ಟು ತೆರೆಯುತ್ತದೆ. ಅದಕ್ಕೆ ಹಿಡಿಯುವಾಗಲೇ ಮಣಿಕಟ್ಟು ಗೆಣ್ಣುಗಳಿಗಿಂತ ಸ್ವಲ್ಪ ಕೆಳಗಿರಲಿ. ಹಾಗೆ ಹಿಡಿದರೆ ಇನ್ನೂ ಕೆಳಕ್ಕೆ ತಿರುಚಲು ಕೈಗೆ ಹೆಚ್ಚು ಜಾಗ ಉಳಿಯುವುದಿಲ್ಲ. ಮಂಡಿಗಳಿಂದ ಟ್ಯಾಂಕ್ ಅಮುಕಿ ಹಿಡಿಯಿರಿ, ಭಾರ ಕೈಮೇಲೆ ಬೀಳುವುದಿಲ್ಲ.

ಇಷ್ಟಾದರೂ ಓಡಿಹೋಯಿತಾ? ಎಡಗೈ ಬಿಗಿದು ಕ್ಲಚ್ ಹಿಡಿಯಿರಿ. ಇಂಜಿನ್ ಎಷ್ಟು ಕಿರುಚಿದರೂ ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ನನ್ನ ಹತ್ತಿರ ಬರುವವರಿಗೆ ಮೊದಲ ದಿನ ಒಂದೇ ಮಾತು: ಎಡಗೈಯೇ ನಿಮ್ಮ ಮೇನ್ ಸ್ವಿಚ್. ನಾನು "ಎಡಗೈ" ಅಂತ ಕೂಗಿದಾಗೆಲ್ಲ ಕ್ಲಚ್ ಹಿಡಿಯಬೇಕು. ಮೊದಲೆರಡು ದಿನ ನನ್ನ ಗಂಟಲು ಹೋಗುತ್ತದೆ, ಮೂರನೇ ದಿನ ಅವರ ಕೈಯೇ ಕೇಳಿಸಿಕೊಳ್ಳುತ್ತದೆ.

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ನನಗೆ ಸುಲಭ ಅಲ್ವಾ ಮೇಡಂ? ನಾನು ಆರು ವರ್ಷದಿಂದ ಸ್ಕೂಟರ್ ಓಡಿಸುತ್ತಿದ್ದೇನೆ. ಬ್ಯಾಲೆನ್ಸ್ ಬರುತ್ತದೆ, ಟ್ರಾಫಿಕ್ ಗೊತ್ತು. ಗೇರ್ ಒಂದು ಕಲಿತರೆ ಮುಗಿಯಿತು.

ಉತ್ತರ: ಬ್ಯಾಲೆನ್ಸ್ ವಿಷಯದಲ್ಲಿ ನೀವು ಮುಂದಿದ್ದೀರಿ, ನಿಜ. ಆದರೆ ಸ್ಕೂಟರಿನವರನ್ನು ಕಂಡರೇ ನನಗೆ ಜಾಸ್ತಿ ಭಯ, ಬೇಜಾರು ಮಾಡಿಕೊಳ್ಳಬೇಡಿ. ಗೇರಿಲ್ಲದ ಸ್ಕೂಟರಿನಲ್ಲಿ ಎಡಗೈಯ ಲಿವರ್ ಹಿಂದಿನ ಬ್ರೇಕು. ಬೈಕಿನಲ್ಲಿ ಅದೇ ಜಾಗದಲ್ಲಿ ಕ್ಲಚ್ ಇದೆ. ದಿಢೀರಂತ ನಾಯಿ ಅಡ್ಡ ಬಂದರೆ ನಿಮ್ಮ ಎಡಗೈ ಆರು ವರ್ಷದ ಅಭ್ಯಾಸದಂತೆ ಜೋರಾಗಿ ಹಿಡಿಯುತ್ತದೆ. ಬೈಕು ನಿಲ್ಲುವುದಿಲ್ಲ. ಇಂಜಿನ್ ತಾನಾಗಿ ವೇಗ ತಗ್ಗಿಸುವ ಇಂಜಿನ್ ಬ್ರೇಕೂ ತಪ್ಪಿಹೋಗಿ ನ್ಯೂಟ್ರಲ್‌ನಲ್ಲಿದ್ದ ಹಾಗೆ ಸಾಗುತ್ತದೆ. ನನ್ನ ಹತ್ತಿರ ಬಂದಿದ್ದ ಒಬ್ಬರು ಹಾಗೇ ಮೈದಾನದ ಬೇಲಿಯ ತನಕ ಹೋಗಿ, "ಮೇಡಂ, ಬ್ರೇಕ್ ಹಿಡಿದಿದ್ದೆ, ಹಿಡಿಯಲೇ ಇಲ್ಲ" ಅಂದರು. ನೋಡಿದರೆ ಕ್ಲಚ್ಚನ್ನು ಇನ್ನೂ ಬಿಗಿಯಾಗಿ ಹಿಡಿದೇ ಇದ್ದರು.

ಅದಕ್ಕೆ ನೀವು ಗೇರಿಗಿಂತ ಮೊದಲು ನಿಲ್ಲಿಸುವುದನ್ನು ಕಲಿಯಿರಿ. 20ರ ವೇಗದಲ್ಲಿ ಬಂದು, ಬಲಗೈಯ ಮುಂದಿನ ಬ್ರೇಕು ಮತ್ತು ಬಲಗಾಲಿನ ಹಿಂದಿನ ಬ್ರೇಕು ಒಟ್ಟಿಗೆ. ದಿನಕ್ಕೆ ಇಪ್ಪತ್ತು ಸಲದಂತೆ ಒಂದು ವಾರ. ಮನೆಯಲ್ಲಿ ಸ್ಕೂಟರೂ ಇದ್ದರೆ ಆ ವಾರ ಅದನ್ನು ಮುಟ್ಟದಿರುವುದು ಒಳ್ಳೆಯದು.

ಪ್ರಶ್ನೆ: ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸುತ್ತೇವೆ, ಬರೀ ಹಿಂದಿನದು ಹಿಡಿ ಅಂತ ನಮ್ಮಪ್ಪ ಹೇಳುತ್ತಿದ್ದರು. ನೀವು ಎರಡೂ ಅನ್ನುತ್ತೀರಿ?

ಉತ್ತರ: ಎಲ್ಲರ ಅಪ್ಪಂದಿರೂ ಅದನ್ನೇ ಹೇಳಿದ್ದಾರೆ. ಅವರ ಭಯದಲ್ಲಿ ಅರ್ಧ ಸತ್ಯವಿದೆ.

ಬ್ರೇಕ್ ಹಾಕಿದಾಗ ಬೈಕಿನ ಭಾರ ಮುಂದಕ್ಕೆ ಬರುತ್ತದೆ. ಮುಂದಿನ ಟೈರು ರಸ್ತೆಗೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ಬರೀ ಹಿಂದಿನ ಬ್ರೇಕ್ ತುಳಿದರೆ ಚಕ್ರ ಲಾಕ್ ಆಗಿ ಬಾಲ ಅಡ್ಡ ಬರುತ್ತದೆ, ದೂರವೂ ಜಾಸ್ತಿ ಬೇಕು. ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ.

ಆದರೆ ಅದನ್ನು ಗಬಕ್ಕನೆ ಹಿಡಿಯಬಾರದು. ಭಾರ ಮುಂದೆ ಬಂದು ಟೈರಿಗೆ ಹಿಡಿತ ಸಿಗುವ ಮುಂಚೆಯೇ ಬಿಗಿದರೆ ಚಕ್ರ ನಿಂತು ಜಾರುತ್ತದೆ, ಅಪ್ಪ ಹೇಳಿದ್ದು ಇದನ್ನೇ. ನಿಂಬೆಹಣ್ಣು ಹಿಂಡುವ ಹಾಗೆ ಹಿಡಿಯಿರಿ, ಮೊದಲು ಮೆತ್ತಗೆ, ಆಮೇಲೆ ಬಿಗಿಯಾಗಿ. ಹ್ಯಾಂಡಲ್ ನೇರವಾಗಿರಲಿ. ಹ್ಯಾಂಡಲ್ ತಿರುಗಿಸಿ ನಿಧಾನಕ್ಕೆ ಹೋಗುವಾಗ ಮಾತ್ರ ಮುಂದಿನದನ್ನು ಮುಟ್ಟಬೇಡಿ, ಬೈಕು ದೊಪ್ಪನೆ ಒಂದು ಪಕ್ಕಕ್ಕೆ ಕೂರುತ್ತದೆ. ಸಡಿಲ ಮಣ್ಣು, ಜಲ್ಲಿಯ ಮೇಲೂ ಹಿಂದಿನದಕ್ಕೇ ಹೆಚ್ಚು ಕೆಲಸ ಕೊಡಿ.

ಇನ್ನು ದೂರದ ಲೆಕ್ಕ. ಒಣ ರಸ್ತೆ, ಚೆನ್ನಾಗಿ ಬ್ರೇಕ್ ಹಿಡಿಯುವವರು, ಎಚ್ಚೆತ್ತುಕೊಳ್ಳಲು ಒಂದು ಸೆಕೆಂಡ್ ಅಂದುಕೊಳ್ಳೋಣ. 30ರ ವೇಗದಲ್ಲಿ ನಿಲ್ಲಲು ಹೆಚ್ಚುಕಡಿಮೆ 14 ಮೀಟರ್ ಬೇಕು. 60ರಲ್ಲಿ 28 ಅಲ್ಲ, 40 ಮೀಟರ್. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ನಾಲ್ಕರಷ್ಟಾಗುತ್ತದೆ. ಹೊಸಬರು ಇದಕ್ಕಿಂತ ಇನ್ನೂ ದೂರ ಹೋಗುತ್ತೀರಿ.

ಪ್ರಶ್ನೆ: ನನ್ನ ಎತ್ತರ 5 ಅಡಿ 1 ಇಂಚು. ಶೋರೂಮಿನಲ್ಲಿ ಕೂತರೆ ಎರಡೂ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ನನ್ನಂಥವರಿಗೆ ಬೈಕ್ ಆಗಿಬರಲ್ವಾ?

ಉತ್ತರ: ನಾನೂ 5 ಅಡಿ 2. ಎರಡೂ ಮುಂಗಾಲು ನೆಲಕ್ಕೆ ತಾಗಿದರೆ ಧಾರಾಳ. ಕಲಿತ ಮೇಲೆ ನಿಲ್ಲುವಾಗ ಎಡಗಾಲು ಒಂದೇ ಸಾಕು, ಬಲಗಾಲು ಬ್ರೇಕ್ ಮೇಲಿರಬೇಕಲ್ವಾ. ನಿಲ್ಲುವ ಮುಂಚೆ ನೆಲ ನೋಡಿಕೊಳ್ಳಿ. ಎಡಗಡೆ ತಗ್ಗಿದ್ದರೆ ಕಾಲು ಸಿಗದೆ ಬೀಳುತ್ತೀರಿ.

ಸೀಟಿನ ಎತ್ತರಕ್ಕಿಂತ ತೂಕ ನೋಡಿ. 100–125 ಸಿಸಿಯ ಸಾಮಾನ್ಯ ಬೈಕುಗಳು 110–125 ಕೆಜಿ ಆಸುಪಾಸು ಇರುತ್ತವೆ. 350 ಸಿಸಿಯ ಗುಡುಗುಡು ಬೈಕುಗಳು 180 ಕೆಜಿ ದಾಟುತ್ತವೆ. ನಿಂತಲ್ಲೇ ವಾಲಿದಾಗ ಆ ವ್ಯತ್ಯಾಸ ನಿಮ್ಮ ತೊಡೆಗೆ ಗೊತ್ತಾಗುತ್ತದೆ.

ಪ್ರಶ್ನೆ: ಬಿದ್ದ ಬೈಕ್ ಎತ್ತುವುದಕ್ಕೂ ಏನಾದರೂ ಕ್ರಮ ಇದೆಯಾ? ಮೊನ್ನೆ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತು.

ಉತ್ತರ: ಇದೆ. ಮೊದಲು ಕೀ ಆಫ್ ಮಾಡಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಹೊರಗೆ ಎಳೆದಿಡಿ, ಎತ್ತಿದ ಮೇಲೆ ಆ ಕಡೆಗೆ ಉರುಳುವುದಿಲ್ಲ. ಗೇರಿನಲ್ಲಿರಲಿ, ಚಕ್ರ ಸರಿಯುವುದಿಲ್ಲ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್ ತುದಿ, ಇನ್ನೊಂದರಲ್ಲಿ ಹಿಂದಿನ ಗ್ರಾಬ್ ರೈಲ್ ಹಿಡಿದು, ಬೆನ್ನು ನೆಟ್ಟಗಿಟ್ಟು ಹಿಂದಕ್ಕೆ ಹೆಜ್ಜೆ ಹಾಕುತ್ತಾ ಕಾಲಿನ ಬಲದಿಂದ ಏಳಿ. ಬಗ್ಗಿ ಕೈಯಿಂದ ಎತ್ತಿದರೆ ಸೊಂಟ ಹೋಗುವುದೇ.

ಪ್ರಶ್ನೆ: ಸೈಕಲ್ಲೂ ಬರಲ್ಲ ಮೇಡಂ. ನಗಬೇಡಿ. 31 ವಯಸ್ಸು.

ಉತ್ತರ: ಯಾರೂ ನಗುತ್ತಿಲ್ಲ. ಮೊದಲು ಸೈಕಲ್. ಪೆಡಲ್ ಎರಡೂ ಬಿಚ್ಚಿಸಿ, ಸೀಟು ಪೂರ್ತಿ ಇಳಿಸಿ, ಕಾಲಲ್ಲಿ ಒದ್ದುಕೊಂಡು ಓಡಾಡಿ. ಎರಡೂ ಕಾಲು ಎತ್ತಿ ಹತ್ತು ಮೀಟರ್ ತೇಲಿ ಹೋಗಲು ಬಂದ ದಿನ ಪೆಡಲ್ ಹಾಕಿಸಿ. ಇದನ್ನು ಬಿಟ್ಟು ನೇರ ಬೈಕಿಗೆ ಬಂದರೆ ಬ್ಯಾಲೆನ್ಸು, ಕ್ಲಚ್ಚು, ಭಯ ಮೂರನ್ನೂ ಒಂದೇ ದಿನ ಹೊರಬೇಕಾಗುತ್ತದೆ.

ಪ್ರಶ್ನೆ: ನೇರ ರಸ್ತೆಯಲ್ಲಿ ಆರಾಮ. ಯೂ ಟರ್ನ್ ಬಂದರೆ ಕಾಲು ಇಳಿಸಿಬಿಡುತ್ತೇನೆ.

ಉತ್ತರ: ನೇರ ರಸ್ತೆಯಲ್ಲಿ ಓಡಿಸಿದರೆ ಬೈಕ್ ಬಂತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. 40ರಲ್ಲಿ ಬೈಕು ಬೀಳದೆ ತಾನೇ ನೆಟ್ಟಗೆ ಹೋಗುತ್ತದೆ, ನೀವು ಸುಮ್ನೆ ಕೂತಿರುತ್ತೀರಿ. ಕಷ್ಟವಿರುವುದು 8–10 ಕಿಲೋಮೀಟರ್ ವೇಗದಲ್ಲಿ.

ಸಣ್ಣ ಸುತ್ತಿನಲ್ಲಿ ಆಕ್ಸಿಲರೇಟರ್ ಒಂದೇ ಸಮ ಹಿಡಿದಿಡಿ, ಮುಚ್ಚಬೇಡಿ. ವೇಗವನ್ನು ಹಾಫ್ ಕ್ಲಚ್‌ನಿಂದ ಹೆಚ್ಚು ಕಡಿಮೆ ಮಾಡಿ. ಹಿಂದಿನ ಬ್ರೇಕನ್ನು ಸವರಿದಷ್ಟು ಒತ್ತಿಟ್ಟಿರಿ, ಬೈಕು ಹಗ್ಗ ಕಟ್ಟಿ ಎಳೆದ ಹಾಗೆ ಬಿಗಿಯಾಗಿ ನಿಲ್ಲುತ್ತದೆ. ಕತ್ತು ತಿರುಗಿಸಿ, ಹೋಗಿ ಸೇರಬೇಕಾದ ಜಾಗವನ್ನು ನೋಡಿ. ಮುಂದಿನ ಚಕ್ರ ನೋಡಿದರೆ ಅಲ್ಲೇ ಬೀಳುತ್ತೀರಿ. ಗುಂಡಿಯನ್ನೇ ನೋಡುತ್ತಾ ಹೋದವರು ಗುಂಡಿಗೇ ಇಳಿಯುವುದೂ ಇದಕ್ಕೇ, ಕಣ್ಣು ಹೋದ ಕಡೆ ಬೈಕು ಹೋಗುತ್ತದೆ.

ವೇಗದಲ್ಲಿ ಲೆಕ್ಕ ಬೇರೆ. 30 ದಾಟಿದ ಮೇಲೆ ಬಲಕ್ಕೆ ಹೋಗಬೇಕಾದರೆ ಬಲಗೈ ಹಿಡಿಕೆಯನ್ನು ಮೆಲ್ಲಗೆ ಮುಂದಕ್ಕೆ ದೂಡಬೇಕು. ತಲೆಕೆಳಗು ಅನ್ನಿಸುತ್ತದೆ. ಆದರೆ ಹಾಗೆ ದೂಡಿದಾಗಲೇ ಬೈಕು ಬಲಕ್ಕೆ ವಾಲುವುದು. ಸೈಕಲ್ಲಿನಲ್ಲೂ ನೀವು ಗೊತ್ತಿಲ್ಲದೆ ಇದನ್ನೇ ಮಾಡುತ್ತಿದ್ದಿರಿ.

ಪ್ರಶ್ನೆ: ಹೆಲ್ಮೆಟ್ ಬಗ್ಗೆ ಒಂದು ಮಾತು ಹೇಳಿ. ಹತ್ತಿರದ ಓಡಾಟಕ್ಕೂ ಬೇಕಾ?

ಉತ್ತರ: ಬೇಕು. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಕಾಕ್ರೇನ್ ವಿಮರ್ಶೆ 2008ರಲ್ಲಿ ಬಂತು. ಹೆಲ್ಮೆಟ್ ಹಾಕಿದವರಿಗೆ ಅಪಘಾತದಲ್ಲಿ ಸಾಯುವ ಸಾಧ್ಯತೆ ಶೇ. 42ರಷ್ಟು, ತಲೆಗೆ ಪೆಟ್ಟಾಗುವ ಸಾಧ್ಯತೆ ಶೇ. 69ರಷ್ಟು ಕಡಿಮೆ ಅಂತ ಅದರಲ್ಲಿದೆ. ಹಾಕಿ ತಲೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು, ಅಷ್ಟು ಬಿಗಿ ಇರಬೇಕು. ಸ್ಟ್ರಾಪ್ ಹಾಕದ ಹೆಲ್ಮೆಟ್ ನಿಮಗಿಂತ ಮುಂಚೆ ರಸ್ತೆ ಸೇರುತ್ತದೆ. ಒಮ್ಮೆ ಜೋರಾಗಿ ಬಿದ್ದು ಪೆಟ್ಟು ತಿಂದದ್ದನ್ನು ಮತ್ತೆ ಹಾಕಬೇಡಿ, ಒಳಗಿನ ಥರ್ಮಾಕೋಲ್ ಒಮ್ಮೆ ಕುಗ್ಗಿದರೆ ಮುಗಿಯಿತು. ಗ್ಲೌಸೂ ಹಾಕಿ. ಬೀಳುವಾಗ ಎಲ್ಲರೂ ಮೊದಲು ಊರುವುದು ಅಂಗೈ.

ಪ್ರಶ್ನೆ: ಆರು ತಿಂಗಳು ಸಣ್ಣದರಲ್ಲಿ ಓಡಿಸಿ ದೊಡ್ಡ ಬೈಕಿಗೆ ಹೋಗಬಹುದಲ್ವಾ?

ಉತ್ತರ: ತಿಂಗಳ ಲೆಕ್ಕ ನಾನು ಹಾಕುವುದಿಲ್ಲ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಅನ್ನುವವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತಲ ಸುಮಾರು 900 ಬೈಕ್ ಅಪಘಾತಗಳನ್ನು ಒಂದೊಂದಾಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಹಳೆಯದು, ಆದರೂ ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಅಪಘಾತವಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ಬೈಕಿನ ಅನುಭವ ಐದು ತಿಂಗಳಿಗಿಂತ ಕಡಿಮೆ ಇತ್ತು. ಒಟ್ಟು ಓಡಿಸಿದ ಅನುಭವ ಮಾತ್ರ ಸರಾಸರಿ ಮೂರು ವರ್ಷದ ಹತ್ತಿರ. ಅಂದರೆ ಬೈಕು ಬದಲಾದಾಗೆಲ್ಲ ನೀವು ಸ್ವಲ್ಪ ಹೊಸಬರೇ. ಶೇ. 92 ಜನ ತಾವೇ ಕಲಿತವರು, ಇಲ್ಲ ಮನೆಯವರು, ಸ್ನೇಹಿತರ ಹತ್ತಿರ ಕಲಿತವರು. (ಮೇಲಿನ ಅಣ್ಣನ ಮಗ ನೆನಪಾದನಾ?) ಇನ್ನೊಂದು, ಎದುರಿನ ಕಾರು ಬೈಕ್ ಕಾಣದೆ ಅಡ್ಡ ತಿರುಗಿದ್ದೇ ಹೆಚ್ಚು ಕಂಡ ಪ್ರಕರಣ. ತಿರುಗಲು ಕಾಯುತ್ತಿರುವ ಕಾರು ಕಂಡರೆ ಅವರು ನಮ್ಮನ್ನು ನೋಡಿಲ್ಲ ಅಂತಲೇ ಅಂದುಕೊಳ್ಳಿ. ಎರಡು ಬೆರಳು ಬ್ರೇಕ್ ಮೇಲಿರಲಿ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ನಾಲ್ಕು ದಿನ ಬಾತುಕೋಳಿ ನಡಿಗೆ ಮಾಡಿದೆ. ನಿನ್ನೆ ಕಾಲೆತ್ತಿ ಮೈದಾನಕ್ಕೆ ಎರಡು ಸುತ್ತು ಹಾಕಿದೆ. ಆದರೆ ನನ್ನ ಬೈಕಿನಲ್ಲಿ ಕ್ಲಚ್ ಪೂರ್ತಿ ಬಿಡುವ ತನಕ ಏನೂ ಆಗುವುದಿಲ್ಲ, ಕೊನೆಯಲ್ಲಿ ಒಮ್ಮೆಲೇ ಹಿಡಿಯುತ್ತದೆ. ಅಣ್ಣನ ಮಗನ ಬೈಕಿನಲ್ಲಿ ಹಾಗಿಲ್ಲ.

ಉತ್ತರ: ಹಾಗಾದರೆ ಮೊದಲ ದಿನದ ತಪ್ಪು ಪೂರ್ತಿ ನಿಮ್ಮದಲ್ಲ. ಇಂಜಿನ್ ಆಫ್ ಮಾಡಿ, ಲಿವರಿನ ತುದಿ ಅಲ್ಲಾಡಿಸಿ ನೋಡಿ. ಬಿಗಿ ಸಿಗುವ ಮುಂಚೆ 10ರಿಂದ 20 ಮಿಲಿಮೀಟರ್ ಸಡಿಲ ಇರಬೇಕು, ನಿಮ್ಮ ಬೈಕಿನ ಕೈಪಿಡಿಯಲ್ಲಿ ಸರಿಯಾದ ಅಳತೆ ಇರುತ್ತದೆ. ಸಡಿಲವೇ ಇಲ್ಲದಿದ್ದರೆ ಕೇಬಲ್ ತೀರಾ ಬಿಗಿಯಾಗಿದೆ. ಕ್ಲಚ್ ಕೊನೆಯಲ್ಲಿ ಹಿಡಿಯುವುದು ಅದಕ್ಕೇ, ಹಾಗೇ ಬಿಟ್ಟರೆ ಪ್ಲೇಟು ಜಾರಿ ಸವೆಯುತ್ತದೆ. ಲಿವರ್ ಬುಡದಲ್ಲಿರುವ ಅಡ್ಜಸ್ಟರನ್ನು ಒಳಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಸರಿ ಇದ್ದೂ ಹೀಗೇ ಆಗುತ್ತಿದ್ದರೆ ಪ್ಲೇಟು ಸವೆದಿರಬಹುದು, ಹಳೇ ಬೈಕಲ್ವಾ. ಮೆಕ್ಯಾನಿಕ್‌ಗೆ ತೋರಿಸಿ, ಆಮೇಲೆ ಮೂರನೇ ಸುತ್ತು ಹಾಕಿ.