ಸಿಬ್ಬಂದಿ ಖುಷಿಲೆ ಕೆಲಸ ಮಾಡಬೇಕಂದ್ರ ನಿಮ್ಮಲ್ಲಿ ಏನು ಮಾಡೀರಿ?

ಕೇಳಿದವರು: ಕಲಬುರಗಿ, ತೊಗರಿ ಬ್ಯಾಳಿ ಮಿಲ್ಲಿನ ಆಫೀಸ್

ನಮಸ್ಕಾರ್ರಿ. ಲೆಕ್ಕ, ಬಿಲ್ಲಿಂಗ್, ಲೋಡಿಂಗ್ ಎಲ್ಲಾ ಸೇರಿ ನಮ್ಮದು ಸಣ್ಣ ತಂಡ. ಡಿಸೆಂಬರಿನಿಂದ ಮಾರ್ಚ್ ತನಕ ಹೊಸ ಮಾಲು ಬರುವಾಗ ಯಾರಿಗೂ ಪುರಸೊತ್ತಿರಲ್ಲ. ಸೀಸನ್ ಮುಗಿದ ಕೂಡ್ಲೆ ಒಬ್ಬರಿಬ್ಬರು ಬಿಟ್ಟು ಹೋಗ್ತಾರ. ಮಾಲಕರು ಎಲ್ಲೋ ಕೇಳಿ ಬಂದು 'ಪಾಸಿಟಿವ್ ಸೈಕಾಲಜಿ ಟ್ರೇನಿಂಗ್ ಇಡ್ರಿ' ಅಂದಾರ, ಅಂದ್ರ ಮಂದಿ ಖುಷಿಲೆ ಇರೂದು ಹೆಂಗ ಅಂತ ನೋಡುವ ಮನೋವಿಜ್ಞಾನ. ಭಾಷಣ ಬ್ಯಾಡ, ಮಾಡಿ ನೋಡಿದವರು ಹೇಳ್ರಿ.

ಬೀದರ್, ಖಾಸಗಿ ಆಸ್ಪತ್ರೆ, ನರ್ಸಿಂಗ್ ಇನ್‌ಚಾರ್ಜ್

ನಮ್ಮಲ್ಲಿ ಒಂದು ಪಾಳಿಯವರು ಇನ್ನೊಂದಕ್ಕ ಚಾರ್ಜ್ ಕೊಡುವಾಗ ಬರೀ ತಪ್ಪಿನ ಪಟ್ಟಿನೇ ಇರ್ತಿತ್ತು. ಯಾವ ಸಲೈನ್ ತಡ ಆಯ್ತು, ಯಾವ ಫೈಲಿನಾಗ ಸಹಿ ಇಲ್ಲ, ಅಷ್ಟೇ. ಅಮೆರಿಕದ ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಅವರ ಜೊತೆಗಾರರು 2005ರಾಗ ಒಂದು ಪ್ರಯೋಗ ಪ್ರಕಟ ಮಾಡ್ಯಾರ: ಒಂದು ವಾರ ದಿನಾ ರಾತ್ರಿ ಛಲೋ ಆದ ಮೂರು ಸಂಗತಿ ಬರೀಬೇಕು, ಅವು ಯಾಕ ಆದವು ಅನ್ನೂದನ್ನೂ ಬರೀಬೇಕು. ಆರು ತಿಂಗಳ ಮ್ಯಾಲೂ ಹಂಗ ಬರೆದವರ ಖುಷಿ ಹೆಚ್ಚೇ ಇತ್ತು. ನಾವು ಮೂರು ಬಿಟ್ಟು ಒಂದೇ ಹಿಡಿದ್ವಿ, ಅದೂ ಶನಿವಾರ ಮಾತ್ರ. ದಿನಾ ಮಾಡಿದ್ರ ಹಾಜರಿ ಕೂಗಿದಂಗ ಆಗ್ತದ. ಸೋಂಜಾ ಲ್ಯುಬೊಮಿರ್ಸ್ಕಿ ಅನ್ನೂ ಮನೋವಿಜ್ಞಾನಿಯ ಅಧ್ಯಯನದಾಗೂ ವಾರಕ್ಕ ಒಮ್ಮೆ ಉಪಕಾರ ನೆನೆದವರಿಗೆ ಗುಣ ಕಾಣಿಸ್ತು, ಮೂರು ಸಲ ನೆನೆದವರಿಗೆ ಇಲ್ಲ.

'ಯಾಕ' ಅನ್ನೂದನ್ನ ಬಿಡಬ್ಯಾಡ್ರಿ. 'ಇವತ್ತು ಛಲೋ ಇತ್ತು' ಅಂದ್ರ ಯಾರಿಗೂ ಏನೂ ಅನಸಂಗಿಲ್ಲ. 'ಆ ಕೂಸಿನ ನರ ಸಿಗವಲ್ದಿತ್ತು, ರಾತ್ರಿ ಪಾಳಿ ಅಕ್ಕ ಬಂದು ಒಂದೇ ಸಲಕ್ಕ ಸೂಜಿ ಹಾಕಿದ್ರು' ಅಂತ ಒಬ್ಬಾಕಿ ಹೇಳಿದಾಗ ಆ ಅಕ್ಕನ ಮಾರಿ ನೋಡಬೇಕಿತ್ತು! ಈಗ ಕಷ್ಟದ ಕೇಸ್ ಬಂದ್ರ ಅಕ್ಕನ್ನೇ ಕರೀತಾರ, ಹೊಸ ಹುಡುಗಿಯರು ಬಾಜೂಕ ನಿಂತು ಕಲೀತಾರ. ರೋಗಿ ತೀರಿಕೊಂಡ ದಿನ ಮಾತ್ರ ಇದನ್ನ ಕೈಬಿಡ್ತೀವಿ.

ಕಲಬುರಗಿ, ಸರ್ಕಾರಿ ಕಚೇರಿ

ಏಪ್ರಿಲ್, ಮೇ ತಿಂಗಳಾಗ ನಮ್ಮ ವಿಭಾಗದ ಕಚೇರಿ ಮುಂಜಾನೆ 8ರಿಂದ ಮಧ್ಯಾಹ್ನ 1.30ರ ತನಕ. ಯಾವ ಟ್ರೇನಿಂಗೂ ಕೊಡದ ಸಮಾಧಾನ ಆ ಒಂದು ಆದೇಶ ಕೊಡ್ತದ. ಮಾಲಕರಿಗೆ ಮೊದಲು ಕೇಳ್ರಿ: ಓಟಿ ದುಡ್ಡು ಟೈಮಿಗೆ ಸಿಗ್ತದೇನು? ವಾರದ ರಜಾ ಖರೇನ ಕೊಡ್ತಾರೇನು? ಬಿಟ್ಟು ಹೋದವರಿಗೂ ಒಂದು ಫೋನ್ ಹಚ್ಚಿ ಕೇಳ್ರಿ, ಅವರು ಮುಚ್ಚಿಡಂಗಿಲ್ಲ.

ಯಾದಗಿರಿ, ಸಹಕಾರಿ ಬ್ಯಾಂಕ್

ಮ್ಯಾಲಿನ ಅಣ್ಣಾರು ಹೇಳಿದ್ದು ಖರೇ ಅದ. ನಮ್ಮಲ್ಲಿ ಗೋಡೆ ಮ್ಯಾಲ 'ಕಾಯಕವೇ ಕೈಲಾಸ' ಬೋರ್ಡ್ ಅದ, ರವಿವಾರ ಡ್ಯೂಟಿಗೆ ಕರಿಯುವಾಗಷ್ಟೇ ಅದು ಸಾಹೇಬರಿಗೆ ನೆನಪಾಗ್ತಿತ್ತು. ಈಗಿನ ಮ್ಯಾನೇಜರ್ ಮೇಡಂ ಬ್ಯಾರೆ ಥರ. ಯಾರಿಗೆ ಯಾವ ಕೆಲಸ ಹಿಡಸ್ತದ ಅಂತ ಒಬ್ಬೊಬ್ಬರನ್ನ ಕೂಡಿಸಿ ಕೇಳಿದ್ರು. ಮಾತುಗಾರ ಹುಡುಗ ಪೆನ್ಶನ್ ಕೌಂಟರಿಗೆ ಬಂದ. ಅಜ್ಜಂದಿರ ಹೆಬ್ಬೆಟ್ಟು ಮಷಿನ್ ತಗೊಳ್ದಿದ್ರೂ ಅವನಿಗೆ ಬ್ಯಾಸರಿಲ್ಲ. ಎಮಿ ವ್ರೆಸ್ನೆವ್ಸ್ಕಿ, ಜೇನ್ ಡಟ್ಟನ್ ಅನ್ನೂ ಸಂಶೋಧಕರು 2001ರಾಗ ಬರೆದಿದ್ದೂ ಇದನ್ನೇ: ಜನ ತಮ್ಮ ಕೆಲಸಾನ ತಾವೇ ತಿದ್ದಿಕೊಂತಾರ. ಆಸ್ಪತ್ರೆ ಸ್ವಚ್ಛ ಮಾಡುವವರೊಳಗ ಕೆಲವರು ತಾವೂ ರೋಗಿಗಳ ಆರೈಕೆ ಮಾಡ್ತೀವಿ ಅಂತ ತಿಳಕೊಂಡಿದ್ರಂತ. ಒಂದು ಮಾತು, ಇದರ ಹೆಸರಲೆ ಹೆಚ್ಚಿನ ಕೆಲಸ ಹೇರಬ್ಯಾಡ್ರಿ.

ಕಲಬುರಗಿ, ಕಾಲೇಜಿನಾಗ ಮನೋವಿಜ್ಞಾನ ಹೇಳ್ತೀನಿ

ಟ್ರೇನರ್ ಕರೆಸೂದೇ ಆದ್ರ ಒಂದು ಪರೀಕ್ಷೆ. 'ಒಂದು ಕೆಟ್ಟ ಭಾವನೆಗೆ ಮೂರು ಒಳ್ಳೆ ಭಾವನೆ ಇದ್ರ ಬದುಕು ಅರಳ್ತದ' ಅಂತ ಸ್ಲೈಡ್ ತೋರಿಸಿದ್ರ ದುಡ್ಡು ಉಳಿಸ್ಕೊಳ್ರಿ. 2005ರ ಒಂದು ಸಂಶೋಧನಾ ಲೇಖನದಾಗ, ಒಂದು ಕೆಟ್ಟದ್ದಕ್ಕ 2.9 ಒಳ್ಳೇವು ಅಂತ ಬಂದ ಆ ಲೆಕ್ಕಕ್ಕ ಬುಡ ಇಲ್ಲಂತ ನಿಕ್ ಬ್ರೌನ್, ಅಲನ್ ಸೋಕಲ್, ಹ್ಯಾರಿಸ್ ಫ್ರೀಡ್‌ಮನ್ ಅನ್ನೂ ಸಂಶೋಧಕರು 2013ರಾಗ ತೋರಿಸ್ಯಾರ; ಅದನ್ನ ಛಾಪಿಸಿದ್ದ ಪತ್ರಿಕೆ ಆ ಗಣಿತದ ಭಾಗ ವಾಪಸ್ ತಗೊಂಡದ.

ಇನ್ನ, ಯಾರಾದ್ರೂ ವಾರಗಟ್ಟಲೆ ನಿದ್ದಿ ಇಲ್ಲದೆ, ಊಟ ಸೇರದೆ ಕುಂತ್ರ ಅವರಿಗೆ 'ಛಲೋ ಯೋಚನೆ ಮಾಡ್ರಿ' ಅನ್ನಬ್ಯಾಡ್ರಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಅದ, ಪುಕ್ಕಟೆ, ಕನ್ನಡದಾಗೂ ಮಾತಾಡ್ತಾರ. ನಂಬರ್ ಹಾಜರಿ ಪುಸ್ತಕದ ಹತ್ರ ಹಚ್ಚಿಡ್ರಿ.