ಕಾತ್ರಜ್–ಸಿಂಹಗಡ ನೈಟ್ ಟ್ರೆಕ್, ಗುರ್ತಿಲ್ಲದ ಮಂದಿ ಜೋಡಿ ಹೋದವ್ರು ಅದೀರೇನ್ರಿ?

ಪುಣೆದಾಗಿನ ಒಂದು ಗ್ರೂಪ್ ಜೋಡಿ ಬರೋ ಹುಣ್ಣಿಮಿಗೆ ಕಾತ್ರಜ್–ಸಿಂಹಗಡ (ಪುಣೆ ಹತ್ರದ ಕಾತ್ರಜ್‌ದಿಂದ ಸಿಂಹಗಡ ಕೋಟಿ ಕಡೆ ಗುಡ್ಡದ ಮ್ಯಾಲ ರಾತ್ರಿ ನಡಿಯೋದು) ಹೋಗಬೇಕಂತ ಮಾಡೇನಿ. ಗ್ರೂಪಿನಾಗ ಒಬ್ಬರದೂ ಗುರ್ತಿಲ್ಲ, ಮನ್ಯಾಗ ಬ್ಯಾಡ ಅನ್ನಾಕತ್ತಾರ. ಬೆಳಗಾವಿಯಾಕಿ, ಯಳ್ಳೂರಗಡ ಹತ್ತಿ ರೂಢಿ ಐತಿ ಅಷ್ಟ, ವಯಸ್ಸು 40ರ ಹತ್ರ. ರೊಕ್ಕ ಇನ್ನೂ ಕಟ್ಟಿಲ್ಲ. ಹೋಗಿ ಬಂದ ಅಕ್ಕಾರು ಅಣ್ಣಾರು ಸ್ವಲ್ಪ ಹೇಳ್ರಿ.

ವಿಜಯಪುರದವ, ಈಗ ಪುಣೆದಾಗ:
ಅಕ್ಕಾರ, ಯಳ್ಳೂರಗಡ ಒಮ್ಮೆ ಹತ್ತಿ ಒಮ್ಮೆ ಇಳದ್ರ ಮುಗೀತು, ಇದು ಹಂಗಲ್ರಿ. ಕಾತ್ರಜದ ಹಳೇ ಸುರಂಗದ ಮ್ಯಾಲ ವಾಘಜಾಯಿ ಗುಡಿ ಅದ, ಅಲ್ಲಿಂದ ಶುರು, ಸಿಂಹಗಡದ ಘಾಟ್ ರೋಡಿಗೆ ಹೋಗಿ ಮುಟ್ಟೋದು, ನಡುವ 13 ಗುಡ್ಡ ಅಂತಾರ, ಕೆಲವ್ರು 16 ಅಂತಾರ, ಸಣ್ಣ ದಿಬ್ಬಾನೂ ಹಿಡಿದ್ರ ಲೆಕ್ಕ ಏರ್ತದ. ಹತ್ತು, ಇಳಿ, ಮತ್ತ ಹತ್ತು, ರಾತ್ರಿಯೆಲ್ಲಾ ಇದ ಕೆಲಸ. ಕಾಡೋದು ಹತ್ತೋದಲ್ಲ, ಇಳಿಯೋದು. ಸಡ್ಲ ಮಣ್ಣು, ಸಣ್ಣ ಹಳ್ಳು, ಬ್ಯಾಸಗಿ ಕಡೆ ಒಣಹುಲ್ಲು, ಬೂಟಿಗೆ ಹಿಡಿತ ಇಲ್ಲಂದ್ರ ಕುಂತಕೊಂಡ ಜಾರ್ಕೋತ ಇಳಿಯೋದಾಗ್ತದ.

ಹೊಸ ಮಂದಿ ಜೋಡಿ ಹೋದಾಗ ಆಗೋ ಒಂದು ಮಾತು ಯಾರೂ ಮೊದಲ ಹೇಳೂದಿಲ್ಲ, ಅದನ್ನ ಹೇಳ್ತೀನಿ ಕೇಳ್ರಿ. ಜೋರ ನಡಿಯೋ ಹುಡುಗ್ರು ಗುಡ್ಡದ ತುದಿಗೆ ಹೋಗಿ ಕುಂದರ್ತಾರ, ನೀರ ಕುಡೀತಾರ, ಫೋಟೋ ಹೊಡ್ಕೋತಾರ, ಹಿಂದಿನವ್ರು ಏದುಸಿರು ಬಿಡ್ಕೋತ ಬಂದು ಮುಟ್ಟಿದ ಕೂಡ್ಲೇ ‘ಚಲಾ ಚಲಾ’ ಅಂತ ಎದ್ದ ಬಿಡ್ತಾರ. ಅಂದ್ರ ದಣಿದಿರದವ್ರಿಗೆ ಪ್ರತಿ ಗುಡ್ಡಕ್ಕೂ ರೆಸ್ಟ್, ದಣಿದವ್ರಿಗೆ ಒಂದ ಕಡೆನೂ ಇಲ್ಲ! ನಾಕೈದು ಗುಡ್ಡಕ್ಕ ಹಿಂದಿನವ್ರ ಕಾಲು ನಡಗಾಕ ಹತ್ತತಾವ, ಜಾರಿ ಬೀಳೋದು ಆವಾಗ. ಅದಕ್ಕ ಶುರುವಿನ್ಯಾಗ ಲೀಡರ್‌ಗೆ ಎಲ್ಲಾರ ಮುಂದ ಹೇಳಿಬಿಡ್ರಿ, ಕಡೀ ಮನಷ್ಯಾ ಬಂದು ಕುಂತ ಮ್ಯಾಲ 5 ಮಿನಿಟ್ ಎಣಿಸ್ರಿ ಅಂತ. ನಾಚ್ಕೋಬ್ಯಾಡ್ರಿ, ನೀವು ಕೇಳಿದ್ರ ಇನ್ನೂ ನಾಕ ಮಂದಿ ಒಳಗ ಖುಷಿ ಪಡ್ತಾರ.

ಸಿಂಹಗಡದ ಮ್ಯಾಲ ಟಿವಿ ಟವರ್ ಅದ, ಅದರ ಲೈಟ್ ದೂರದಿಂದ ಕಾಣ್ತದ. ನೋಡ್ಕೋತ ನಡೀಬ್ಯಾಡ್ರಿ, ಇಲ್ಲೇ ಅದ ಅನ್ನಿಸ್ತದ, ನಡುವ ಗುಡ್ಡ ಮುಗಿಯೂದ ಇಲ್ಲ.

ಖಾನಾಪುರದ ಕಡೆಯಾಕಿ:
ರೊಕ್ಕ ಕಟ್ಟೂಕಿಂತ ಮೊದಲ ಒಂದ ಪ್ರಶ್ನೆ ಕೇಳು ತಂಗಿ, ‘ಎಲ್ಲಾರಕಿಂತ ಹಿಂದ ಯಾರು ನಡೀತಾರ?’ ಹೆಸರು ಹೇಳಿದ್ರ ಗ್ರೂಪ್ ಚಲೋ ಐತಿ. ‘ಎಲ್ಲಾರೂ ಕೂಡೇ ಹೋಗೂಣಲ್ಲ’ ಅಂದ್ರ ಕೈ ಬಿಡು. ಹೆಣ್ಮಕ್ಕಳು ಎಷ್ಟ ಮಂದಿ ಅಂತನೂ ಕೇಳು, ಅದರಾಗ ಒಬ್ಬಾಕಿ ನಂಬರ್ ತಗೊಂಡು ಮೊದಲ ಫೋನ್ ಮಾಡಿ ಮಾತಾಡು, ಯಾಕಂದ್ರ ಗುಡ್ಡದ ಮ್ಯಾಲ ಮರೆಗೆ ಹೋಗಬೇಕಾದಾಗ ಜೋಡಿ ಒಬ್ಬಾಕಿ ಬೇಕ ಬೇಕು, ಕತ್ತಲ್ಯಾಗ ದಾರಿ ಬಿಟ್ಟು ಒಬ್ಬಾಕೆ ಹೋಗೂದು ಬ್ಯಾಡ. ನಮಗ ಮರಾಠಿ ಬರ್ತೈತಿ, ಆ ಚಿಂತಿ ಇಲ್ಲ.

ದಾರ್ಯಾಗ ನೀರು ಸಿಗೂದಿಲ್ಲ. 4 ಲೀಟರ್ ಹೊತ್ಕೊ, ಭಾರ ಅಂತ ಕಡಿಮಿ ಮಾಡಬ್ಯಾಡ. ಹೆಡ್‌ಲ್ಯಾಂಪ್ ಇರಲಿ, ಮೊಬೈಲ್ ಟಾರ್ಚ್ ಹಿಡಕೊಂಡ್ರ ಇಳಿಯೂವಾಗ ಒಂದ ಕೈ ಹೋತು. ಗೋಕಾಕ ಕರದಂಟು ಒಂದ ಡಬ್ಬಿ ಒಯ್ಯಿ, ಹೊಟ್ಟಿಗೂ ಆಗತೈತಿ, ಹಂಚಿದ್ರ ಪರಿಚಯನೂ ಆಗತೈತಿ (ಪುಣೆದವ್ರು ಇನ್ನೊಂದ ತುಂಡು ಕೇಳ್ತಾರ ನೋಡು).

ಬಾಗಲಕೋಟಿಯವ:
ನಾ ಆದ್ರ ಸೀದಾ ನೈಟ್ ಟ್ರೆಕ್‌ಗೆ ಹೋಗ್ರಿ ಅನ್ನೂದಿಲ್ರಿ. ಮೊದಲ ಬಾದಾಮಿಗೆ ಬರ್ರಿ, ನಸುಕಿನ್ಯಾಗ ಮ್ಯಾಲಿನ ಶಿವಾಲಯ ಹತ್ತಿ ಇಳದು, ದಮ್ ಆರಿಸ್ಕೊಳ್ಳದ ಹಂಗ ಗುಡ್ಡದ ದಾರಿ ಹಿಡದು ಮಹಾಕೂಟಕ್ಕ ನಡೀರಿ. ಮರುದಿನ ಮೆಟ್ಲ ಇಳಿಯೂವಾಗ ಮೊಣಕಾಲು ನೋಯ್ತಾವೋ ಇಲ್ಲೋ ನೋಡ್ಕೋರಿ. ನೋವಾದ್ರ ಮುಂದಿನ ಹುಣ್ಣಿಮಿ ಇದ್ದ ಇರತೈತಿ.

ವಿಜಯಪುರದವ:
ಬಾದಾಮಿ ಮಾತು ಖರೇ. ನಮ್ಮೂರಾಗ ಗುಡ್ಡ ಎಲ್ಲವ, ಗೋಲಗುಮ್ಮಟದ ಮೆಟ್ಲ ಹತ್ತಿ ಇಳದ ಪ್ರಾಕ್ಟೀಸ್ ಮಾಡೋದು. 😄

ಕೇಳಿದಾಕಿ:
ಎಲ್ಲಾರಿಗೂ ಥ್ಯಾಂಕ್ಸ್‌ರಿ. ನಡುವ ಆಗಲಿಲ್ಲಂದ್ರ ಕೆಳಗ ಯಾವುದರ ಹಳ್ಳಿಗೆ ಇಳದು ಬಿಡಬಹುದೇನು?

ವಿಜಯಪುರದವ:
ರಾತ್ರಿ ಒಬ್ಬರ ಬ್ಯಾಡ್ರಿ. ಕೆಳಗಿನ ಲೈಟ್ ಹತ್ರ ಕಾಣ್ತಾವ, ಆದ್ರ ಗುಡ್ಡದ ಸಾಲಿನಿಂದ ಎರಡೂ ಕಡೆ ಸೊಂಡಿಲಿನಂಗ ಸಣ್ಣ ಏಣುಗಳು ಚಾಚಿರ್ತಾವ, ದಾರಿ ಅಂತ ಒಂದನ್ನ ಹಿಡದು ಇಳದ್ರ ತುದಿಗೆ ಕಡಿದಾದ ಇಳಿಜಾರು ಸಿಗ್ತದ. ಮೊದಲಿನ ಎರಡ ಮೂರು ಗುಡ್ಡದಾಗ ಮೈ ಹೆಂಗದ ಗೊತ್ತಾಗ್ತದ, ತಿರುಗೋದಿದ್ರ ಅಲ್ಲೇ, ಬಂದ ದಾರಿಲೇ, ಗ್ರೂಪಿನವ್ರ ಒಬ್ಬರನ್ನ ಕರ್ಕೊಂಡು ತಿರುಗ್ರಿ. ಅದನ್ನೂ ಲೀಡರ್‌ಗೆ ಮೊದಲ ಕೇಳಿರ್ರಿ.

ಖಾನಾಪುರದ ಕಡೆಯಾಕಿ:
ಮತ್ತ ತಿರುಗಿ ಬರೂ ಬಸ್ ಮುಂಜಾನಿಂದು ಬುಕ್ ಮಾಡಬ್ಯಾಡ. ರವಿವಾರ ಸಿಂಹಗಡದ ಘಾಟಿನ್ಯಾಗ ಗಾಡಿ ಸಾಲ ಹಚ್ಚಿರ್ತಾವ, ಇಳದು ಪುಣೆದ ಸ್ವಾರಗೇಟ್ ಬಸ್ ಸ್ಟ್ಯಾಂಡ್ ಮುಟ್ಟೂದ ತಡ ಆಗತೈತಿ. ರಾತ್ರಿ ಬಸ್ ಹಿಡಿ. ಹೊತ್ತ ಸಿಕ್ರ ಜೀಪ್‌ನ್ಯಾಗ ಗಡದ ಮ್ಯಾಲ ಹೋಗಿ ಪಿಠಲ–ಭಾಕರಿ (ಕಡ್ಲಿಹಿಟ್ಟಿನ ಪಲ್ಯ, ರೊಟ್ಟಿ), ಮಡಕಿ ಮಸರು ತಿಂದ ಇಳಿ, ಹಸಿದ ಹೊಟ್ಟೀಲೆ ಬಸ್ಸಿನ್ಯಾಗ ಕುಂದರಬ್ಯಾಡ.