‘ಊಟ ಆಯ್ತಾ’ ಅಂದ ಮೇಲೆ ಏನು ಬರೆಯಬೇಕು?

ರಾಣೆಬೆನ್ನೂರಿನವ

ವಯಸ್ಸು 29. ಊರು ರಾಣೆಬೆನ್ನೂರು, ಕೆಲಸ ಪೀಣ್ಯದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ. ಒಂದೂವರೆ ವರ್ಷದಿಂದ ಎರಡು ಡೇಟಿಂಗ್ ಆ್ಯಪ್‌ಗಳಲ್ಲಿದ್ದೇನೆ. ಮ್ಯಾಚ್, ಅಂದರೆ ಇಬ್ಬರೂ ಒಬ್ಬರನ್ನೊಬ್ಬರು ಲೈಕ್ ಮಾಡುವುದು, ಆಗುವುದೇ ಇಲ್ಲ ಅಂತೇನಿಲ್ಲ, ಆಗುತ್ತವೆ. ಆದರೆ ನಾಲ್ಕನೇ ಐದನೇ ಮೆಸೇಜಿಗೆ ಮಾತು ನಿಂತುಹೋಗುತ್ತದೆ.

ಮೊನ್ನೆ ಭಾನುವಾರ ಕೂತು ಹಳೆಯ ಚಾಟ್‌ಗಳನ್ನೆಲ್ಲ ಓದಿದೆ. ರಿಜೆಕ್ಟ್ ಆದ ಪೀಸ್‌ಗಳನ್ನು ಮೇಜಿನ ಮೇಲೆ ಜೋಡಿಸಿ ನೋಡುವುದೇ ನನ್ನ ಕೆಲಸ ಅಲ್ವಾ. ಒಟ್ಟು 41 ಚಾಟ್. ಅದರಲ್ಲಿ 26 ನಾನು ‘ಊಟ ಆಯ್ತಾ’ ಅಂತ ಕೇಳಿ, ಆ ಕಡೆಯಿಂದ ‘ಆಯ್ತು, ನಿಮ್ದು?’ ಅಂತ ಬಂದು, ನಾನು ‘ಆಯ್ತು’ ಅಂದ ಮೇಲೆ ನಿಂತಿವೆ. ಅಲ್ಲಿಂದ ಮುಂದೆ ಇಬ್ಬರಿಗೂ ದಾರಿ ಇಲ್ಲ.

ಇಂಗ್ಲಿಷ್‌ನಲ್ಲಿ ಬರೆದರೆ ಇನ್ನೂ ಕಷ್ಟ. ಕಸ್ಟಮರ್‌ಗೆ ಮೇಲ್ ಹಾಕಿದ ಹಾಗೆ ಇರುತ್ತದೆ. ಕಾಫಿಗೆ ಸಿಗೋಣ ಅನ್ನುವುದಕ್ಕೆ ಒಬ್ಬರಿಗೆ ನಿಜಕ್ಕೂ ‘ಕೈಂಡ್ಲಿ ಕನ್ಫರ್ಮ್’ ಅಂತ ಬರೆದಿದ್ದೇನೆ. ನಗಬೇಡಿ.

ಜಾಸ್ತಿ ದಿನ ನಡೆದದ್ದು ಒಂದೇ ಚಾಟ್. ಅದು ಶುರುವಾಗಿದ್ದೂ ನನ್ನ ತಪ್ಪಿನಿಂದಲೇ. ಅವರು ‘ಒಂದು ಮಾತು ಕೇಳಲಾ?’ ಅಂದರು. ನಾನು ಇಂಗ್ಲಿಷ್ ಅಕ್ಷರದಲ್ಲಿ ‘ಧಾರಾಳವಾಗಿ ಹೇಳಿ’ ಅಂತ ಒತ್ತಿದೆ. ಇಂಗ್ಲಿಷ್‌ನಲ್ಲಿ ಲ-ಳ ಎರಡಕ್ಕೂ ಇರುವುದು ಒಂದೇ ಅಕ್ಷರ. ಅವರಿಂದ ಉತ್ತರ: ‘ಇಲ್ಲೇನಾ?’ ನನಗೆ ಎರಡು ನಿಮಿಷ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಮೆಟ್ರೋದಲ್ಲಿ ಒಬ್ಬನೇ ನಕ್ಕೆ, ಪಕ್ಕದವರು ಸರಿದು ಕೂತರು.

ಅದು 11 ದಿನ ನಡೆಯಿತು. ಹನ್ನೊಂದನೇ ದಿನ ನಾನು ‘ನೀವು’ ಬಿಟ್ಟು ‘ನೀನು ಯಾವಾಗ ಫ್ರೀ?’ ಅಂದೆ. ‘ನೋಡೋಣ’ ಅಂದರು. ಕನ್ನಡದಲ್ಲಿ ‘ನೋಡೋಣ’ ಅಂದರೆ ಏನು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಪ್ರಶ್ನೆ: ನೀವು ಇಂದ ನೀನುಗೆ ಇಳಿಯುವುದು ಯಾವಾಗ? ಇನ್ನೊಂದು, ನಾನು ಮಾತಾಡುವುದು ‘ಏನ್ ಮಾಡಾಕತ್ತೀರಿ’ ಅಂತ. ಬರೆಯುವಾಗ ಮಾತ್ರ ಬೆಂಗಳೂರಿನವನ ಥರ ‘ಏನ್ ಮಾಡ್ತಿದೀರಾ’ ಅಂತ ಬರೆಯುತ್ತೇನೆ. ಹಾಗೇ ಇರಲಾ, ಬಿಡಲಾ?

ಕುಂದಾಪ್ರ ಕಡೆಯವಳು

ಹುಡುಗಿಯರ ಕಡೆಯಿಂದ ಹೇಳುತ್ತೇನೆ. ನನ್ನ ಇನ್‌ಬಾಕ್ಸ್‌ನಲ್ಲಿ ಊಟದ್ದೇ ದೊಡ್ಡ ಸಾಲು. ತಿಂಡಿ ಆಯ್ತಾ, ಊಟ ಆಯ್ತಾ, ಟೀ ಆಯ್ತಾ, ಮತ್ತೆ ಊಟ ಆಯ್ತಾ. ಹಾಸ್ಟೆಲ್ ವಾರ್ಡನ್ ಕೂಡ ಇಷ್ಟು ವಿಚಾರಿಸಿರಲಿಲ್ಲ.

ಅದು ಕೆಟ್ಟ ಮಾತು ಅಂತ ಅಲ್ಲ. ನನ್ನ ಅಜ್ಜಿ ಕೇಳಿದರೆ ಕಣ್ಣು ತುಂಬುತ್ತದೆ. ಯಾಕೆಂದರೆ ನಾನು ‘ಇಲ್ಲ’ ಅಂದರೆ ಅವರು ಎದ್ದು ಹೋಗಿ ಗಂಜಿ ಬಡಿಸುತ್ತಾರೆ. ನಾನು ‘ಇಲ್ಲ’ ಅಂದರೆ ನೀವು ಏನು ಮಾಡುತ್ತೀರಿ? ‘ಯಾಕೆ?’ ಅಂತ ಕೇಳುತ್ತೀರಿ. ಅಷ್ಟೇ. ನಮ್ಮಲ್ಲಿ ಅದು ಪ್ರಶ್ನೆಯೇ ಅಲ್ಲ, ನಮಸ್ಕಾರ. ಬಾಗಿಲಲ್ಲಿ ನಿಂತು ದಿನಾ ನಾಲ್ಕು ಸಲ ನಮಸ್ಕಾರ ಮಾಡಿದರೆ ಒಳಗೆ ಬರುವುದು ಯಾವಾಗ ಮಾರಾಯ್ರೆ?

ಇನ್ನು ನೀನು-ನೀವು. ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಮೊದಲನೇ ದಿನವೇ ‘ನೀನು’ ಅಂದವರಿಗೆ ನಾನು ಉತ್ತರ ಕೊಡುವುದಿಲ್ಲ. ಇಂಗ್ಲಿಷ್‌ನಲ್ಲಿ ಮಾತಾಡುವವರಿಗೆ ಈ ತಲೆಬಿಸಿಯೇ ಇಲ್ಲ. ಎಷ್ಟೋ ಕನ್ನಡದವರು ಇಂಗ್ಲಿಷ್‌ನಲ್ಲೇ ಚಾಟ್ ಮಾಡುವುದು ಅದಕ್ಕೇ ಇರಬೇಕು ಅಂತ ನನ್ನ ಅನುಮಾನ. ಈಗ ನನ್ನ ಜೊತೆ ಇರುವವನು ಮೂರು ವಾರ ‘ನೀವು’ ಅಂದ. ಆಮೇಲೆ ಒಂದು ದಿನ ‘ಇನ್ನು ಮೇಲೆ ನೀನು ಅನ್ನಲಾ?’ ಅಂತ ಕೇಳಿದ. ನಾನು ಒಂದು ದಿನ ಬಿಟ್ಟು ಒಂದೇ ಪದ ಬರೆದೆ: ‘ಅನ್ನು.’ ‘ಅನ್ನಿ’ ಅಂತ ಅಲ್ಲ. ಅವನಿಗೆ ಅದು ಗೊತ್ತಾಗುವುದಕ್ಕೆ ಸಂಜೆ ಆಯಿತು.

ನೀವೂ ಹೀಗೇ ಕೇಳಿ. ಇಲ್ಲದಿದ್ದರೆ ಅವರೇ ಮೊದಲು ಇಳಿಯಲಿ ಬಿಡಿ. ಹಾಂ, ಉತ್ತರ ತಡವಾದರೆ ಬರೀ ಎರಡು ಪ್ರಶ್ನೆ ಚಿಹ್ನೆ ಕಳಿಸಬೇಡಿ. ಸಾಲ ಕೊಟ್ಟವರು ಬಾಗಿಲು ತಟ್ಟಿದ ಹಾಗೆ ಆಗುತ್ತದೆ.

ಜಾತಕ ಮಾವ

ಸುಮ್ನೆ ಮನೆಯಲ್ಲಿ ಹೇಳಿ ಹುಡುಗಿ ನೋಡಿಸಿ. ಊಟಾನೂ ಅವರೇ ಹಾಕುತ್ತಾರೆ.

ಛೇದ ಎಲ್ಲಿ

ಕ್ವಾಲಿಟಿಯವರೇ, ಒಂದು ಮಾತು. 41ರಲ್ಲಿ 26 ಊಟದ ಮೇಲೆ ಸತ್ತವು ಅಂದಿರಿ. ಬದುಕಿದ್ದವರಿಗೆ ಊಟ ಕೇಳಿರಲಿಲ್ಲವಾ? ಎಲ್ಲರಿಗೂ ಕೇಳಿದ್ದರೆ ಆ ಲೆಕ್ಕದಿಂದ ಏನೂ ಹೊರಡುವುದಿಲ್ಲ. ಇದನ್ನು ನಿಮಗೆ ನಾನು ಹೇಳಬೇಕಾ?

ಇಂಥ ಲೆಕ್ಕವನ್ನು ದೊಡ್ಡದಾಗಿ ಮಾಡಿದವರು ಓಕೆಕ್ಯುಪಿಡ್‌ನವರು. ಅಮೆರಿಕದ ಡೇಟಿಂಗ್ ಸೈಟ್, ಗಣಿತ ಓದಿದವರು 2004ರಲ್ಲಿ ಶುರು ಮಾಡಿದ್ದು. 2009ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಮೊದಲ ಮೆಸೇಜ್‌ಗಳನ್ನು ಜಾಲಾಡಿ ಯಾವ ಪದಕ್ಕೆ ಎಷ್ಟು ಉತ್ತರ ಬಂತು ಅಂತ ಬ್ಲಾಗ್‌ನಲ್ಲಿ ಹಾಕಿದ್ದರು. ‘ಯು’ ಅನ್ನುವುದಕ್ಕೆ ಒಂದೇ ಅಕ್ಷರ ಬರೆಯುವ ಗಿಡ್ಡ ಸ್ಪೆಲ್ಲಿಂಗ್‌ಗಳಿಗೆ ಉತ್ತರ ಕಡಿಮೆ. ‘ಹಹ’ ಅಂತ ನಕ್ಕರೆ ಮಾತ್ರ ತೊಂದರೆ ಇಲ್ಲ. ರೂಪ ಹೊಗಳಿದರೆ ನಷ್ಟ. ಬರೀ ‘ಹಾಯ್’ ಅಂದರೂ ನಷ್ಟ. ಎದುರಿನವರ ಪ್ರೊಫೈಲ್‌ನಲ್ಲಿರುವ ಯಾವುದಾದರೂ ಒಂದು ವಿಷಯ ಹಿಡಿದು ಬರೆದರೆ ಲಾಭ.

ಕೊನೆಯದು ನಮಗೂ ಹೊಂದುತ್ತದೆ. ಆದರೆ ಸ್ಪೆಲ್ಲಿಂಗ್ ವಿಷಯ ನಮಗೆ ಬೇರೆ. ಇಂಗ್ಲಿಷ್ ಅಕ್ಷರದ ಕನ್ನಡಕ್ಕೆ ಸರಿ ಸ್ಪೆಲ್ಲಿಂಗ್ ಅಂತಲೇ ಇಲ್ಲ. ನಮ್ಮ 49 ಅಕ್ಷರವನ್ನು ಅವರ 26ರಲ್ಲಿ ತುರುಕಿದರೆ ಹಾಲು-ಹಾಳು, ಕೊಡು-ಕೋಡು ಒಂದೇ ಆಗುವುದು ಸಹಜ. ಫೋನಿನಲ್ಲೇ ಕನ್ನಡ ಕೀಬೋರ್ಡ್ ಇದೆ, ಹಾಕಿಕೊಳ್ಳಿ. ಆದರೂ ನಿಮ್ಮ ‘ಹೇಳಿ’ ಕಥೆ ನೋಡಿದರೆ ಹಾಕಬೇಡಿ ಅನ್ನಿಸುತ್ತದೆ.

ಡಬ್ಲಿನ್ ದೋಸೆ

ಐರ್ಲೆಂಡ್‌ಗೆ ಬಂದು ಐದು ವರ್ಷ. ಮೊದಲು ನನ್ನ ಪ್ರೊಫೈಲ್ ಪೂರ್ತಿ ಇಂಗ್ಲಿಷ್‌ನಲ್ಲಿತ್ತು: ಟ್ರಾವೆಲ್, ಮ್ಯೂಸಿಕ್, ಫುಡ್. ಯಾರ ಪ್ರೊಫೈಲ್‌ಗೆ ಅಂಟಿಸಿದರೂ ಅಂಟುತ್ತಿತ್ತು. ಒಂದು ದಿನ ಬೇಜಾರಾಗಿ ಕನ್ನಡ ಲಿಪಿಯಲ್ಲಿ ಒಂದೇ ಸಾಲು ಸೇರಿಸಿದೆ: ‘ಇಲ್ಲಿನ ಮಳೆಗೆ ಮಲೆನಾಡಿನ ಮಳೆಯ ಸದ್ದಿಲ್ಲ.’ ಮ್ಯಾಚ್ ಜಾಸ್ತಿ ಆಗಲಿಲ್ಲ. ಆದರೆ ಇಬ್ಬರು ಐರಿಶ್ ಹುಡುಗಿಯರು ‘ಈ ದುಂಡು ಅಕ್ಷರ ಯಾವುದು?’ ಅಂತ ಕೇಳಿದರು. ತೀರ್ಥಹಳ್ಳಿಯ ಒಬ್ಬಳು ‘ಹೆಂಚಿಲ್ಲದ ಮನೆ, ಸದ್ದು ಎಲ್ಲಿಂದ ಬರಬೇಕು?’ ಅಂದಳು. ಅವಳ ಜೊತೆ ಇನ್ನೂ ಮಾತಾಡುತ್ತಿದ್ದೇನೆ.

ಹಿಂಜ್ ಅನ್ನುವ ಡೇಟಿಂಗ್ ಆ್ಯಪ್‌ನಲ್ಲಿ ಒಂದು ಫೋಟೋವನ್ನೋ ಒಂದು ಉತ್ತರವನ್ನೋ ಹಿಡಿದು ಅದರ ಮೇಲೇ ಕಾಮೆಂಟ್ ಬರೆಯಬಹುದು. ಅದನ್ನು ಬಳಸಿ. ಹಾವೇರಿ ಕಡೆಯ ಕನ್ನಡ ಬಿಡಬೇಡಿ. ನಾಳೆ ಎದುರಿಗೆ ಸಿಕ್ಕಾಗ ಬಾಯಿ ಬಿಟ್ಟರೆ ಹೇಗೂ ಗೊತ್ತಾಗುತ್ತದೆ.

ರಾಣೆಬೆನ್ನೂರಿನವ (ಎರಡು ವಾರದ ನಂತರ)

ಎಲ್ಲರಿಗೂ ಥ್ಯಾಂಕ್ಸ್. ಛೇದದವರಿಗೆ ಉತ್ತರ: 41ರಲ್ಲಿ 38 ಜನಕ್ಕೆ ಊಟ ಕೇಳಿದ್ದೆ. ತಪ್ಪಾಯಿತು. ನಮ್ಮ ಮ್ಯಾನೇಜರ್‌ಗೆ ಹೇಳಬೇಡಿ.

ಒಬ್ಬರ ಫೋಟೋದಲ್ಲಿ ಮಂಡಕ್ಕಿ-ಮಿರ್ಚಿ ಪ್ಲೇಟ್ ಇತ್ತು. ಮುಖ ಅರ್ಧವೇ ಕಾಣುತ್ತಿತ್ತು, ಪ್ಲೇಟ್ ಪೂರ್ತಿ. ‘ಹಾಯ್’ ಅಂತ ಬರೆಯದೆ ಮನೆಯಲ್ಲಿ ಮಾತಾಡುವ ಹಾಗೆ ಬರೆದೆ: ‘ತಾಟಿನ್ಯಾಗ ಮೂರು ಮಿರ್ಚಿ ಅದಾವು, ಒಂದು ಅರ್ಧ ಕಡದದ್ದು. ಉಳಿದ ಎರಡು ಯಾರವ್ರೀ?’ ಒತ್ತಿ, ಫೋನ್ ಬೋರಲು ಹಾಕಿ ಲೈನ್ ನೋಡಲು ಹೋದೆ. ಕೈ ಸ್ವಲ್ಪ ನಡುಗುತ್ತಿತ್ತು.

ವಾಪಸ್ ಬಂದರೆ ಮೂರು ಮೆಸೇಜ್. ಮೂರೂ ಮಿರ್ಚಿ ತಮ್ಮದೇ ಅಂತ. ಅವರು ದಾವಣಗೆರೆಯವರು. ಮಂಡಕ್ಕಿಗೆ ದಾವಣಗೆರೆ ಮುಂದೆ ಯಾವ ಊರೂ ಇಲ್ಲ ಅಂತ ಅವರ ವಾದ. ಹುಬ್ಬಳ್ಳಿ ಗಿರ್ಮಿಟ್ ಅಂದಿದ್ದಕ್ಕೆ ಒಂದು ದಿನ ಪೂರ್ತಿ ಜಗಳ. ನನ್ನ ಮೆಸೇಜನ್ನು ರೂಮ್‌ಮೇಟ್‌ಗೆ ಜೋರಾಗಿ ಓದಿ ಹೇಳಿದರಂತೆ. ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ. ಇನ್ನೂ ‘ನೀವು’ದಲ್ಲೇ ಇದ್ದೇವೆ. ನಾನಂತೂ ಅವಸರ ಮಾಡುವುದಿಲ್ಲ.

ಇವತ್ತು ಮಧ್ಯಾಹ್ನ ಒಂದು ಗಂಟೆಗೆ ಅವರೇ ಕೇಳಿದರು, ‘ಊಟ ಆಯ್ತಾ?’

‘ಇಲ್ಲ’ ಅಂದೆ. ಹನ್ನೆರಡೂವರೆಗೇ ಕ್ಯಾಂಟೀನ್‌ನಲ್ಲಿ ಎರಡು ಮುದ್ದೆ ಮುಗಿಸಿದ್ದೆ.